ಆ ಫೋಟೊ ಇಯರ್‌ಹಾರ್ಟ್ ಕಣ್ಮರೆಯಾದ ದಿನದ್ದಲ್ಲ

ಹೊಟ್ಟೆ ಅಡಿಯಾಗಿ ರನ್‌ವೇ ಮೇಲೆ ಬಿದ್ದಿರುವ ಹಳೇ ಎರಡು ಇಂಜಿನ್ ವಿಮಾನದ ಫೋಟೊ ಒಂದು ಓಡಾಡುತ್ತಿದೆ. 'ಅಮೇಲಿಯಾ ಇಯರ್‌ಹಾರ್ಟ್ ಕೊನೆಯ ಹಾರಾಟದ ಅವಶೇಷ ಸಿಕ್ಕಿತು' ಎಂಬ ಒಕ್ಕಣೆ ಬೇರೆ. ಇದು ತಪ್ಪು. ಇಯರ್‌ಹಾರ್ಟ್ ಅಂದರೆ 1937ರಲ್ಲಿ ವಿಮಾನದಲ್ಲಿ ಭೂಮಿ ಸುತ್ತಲು ಹೊರಟು ಕಣ್ಮರೆಯಾದ ಅಮೆರಿಕದ ಮಹಿಳಾ ಪೈಲಟ್.

ವಿಮಾನವೇನೋ ಅವರದ್ದೇ, ಲಾಕ್‌ಹೀಡ್ ಎಲೆಕ್ಟ್ರಾ 10ಇ. ಆದರೆ ಘಟನೆ ನಡೆದದ್ದು 1937ರ ಮಾರ್ಚ್ 20ರಂದು, ಆ ಯಾತ್ರೆಯ ಮೊದಲ ಪ್ರಯತ್ನದಲ್ಲಿ, ಹವಾಯಿಯ ವಿಮಾನ ನಿಲ್ದಾಣ ಲ್ಯೂಕ್ ಫೀಲ್ಡ್‌ನಲ್ಲಿ. ಎಲೆಕ್ಟ್ರಾ ಅಂದರೆ ಹತ್ತು ಜನ ಕೂರುವ ಪುಟ್ಟ ಪ್ರಯಾಣಿಕ ವಿಮಾನ. ಇವರದ್ದರಲ್ಲಿ ಸೀಟುಗಳ ಜಾಗದಲ್ಲಿ ಇಂಧನದ ಟ್ಯಾಂಕುಗಳಿದ್ದವು. ಅಷ್ಟು ಭಾರ ಹೊತ್ತು ಮೇಲೇರಲು ರನ್‌ವೇ ಮೇಲೆ ಓಡುವಾಗ ವಿಮಾನ ಪಕ್ಕಕ್ಕೆ ಎಳೆಯಿತು, ಗಿರ್ರನೆ ತಿರುಗಿತು, ಚಕ್ರದ ಕಾಲುಗಳು ಮುರಿದವು. ಟೈರ್ ಒಡೆಯಿತೋ, ಪೈಲಟ್ ಕೈತಪ್ಪೋ ಎಂಬ ವಾದ ಇವತ್ತಿಗೂ ಮುಗಿದಿಲ್ಲ. ಬೆಂಕಿ ಹೊತ್ತಿಕೊಳ್ಳಲಿಲ್ಲ, ಅದೇ ಪುಣ್ಯ. ಒಳಗಿದ್ದ ಇಯರ್‌ಹಾರ್ಟ್, ದಾರಿ ಲೆಕ್ಕ ಹಾಕುವ ನ್ಯಾವಿಗೇಟರ್‌ಗಳಾದ ಫ್ರೆಡ್ ನೂನನ್, ಹ್ಯಾರಿ ಮ್ಯಾನಿಂಗ್ ಮೂವರೂ ನಡೆದುಕೊಂಡೇ ಹೊರಬಂದರು.

'ಆಮೇಲೆ ಬೇರೆ ವಿಮಾನ ತಗೊಂಡರು' ಅನ್ನುವುದೂ ಸುಮ್ನೆ ಮಾತು. ಇದನ್ನೇ ಹಡಗಿನಲ್ಲಿ ಕ್ಯಾಲಿಫೋರ್ನಿಯಾಗೆ ಸಾಗಿಸಿ, ಬರ್ಬ್ಯಾಂಕ್‌ನ ಲಾಕ್‌ಹೀಡ್ ಕಾರ್ಖಾನೆಯಲ್ಲಿ ರಿಪೇರಿ ಮಾಡಿಸಿದರು. ಎರಡನೇ ಸಲ ದಿಕ್ಕು ಬದಲಾಯಿಸಿ ಪೂರ್ವಕ್ಕೆ ಹೊರಟರು. ಜೂನ್‌ನಲ್ಲಿ ಕರಾಚಿ, ಕಲ್ಕತ್ತಾಗಳಲ್ಲೂ ಇಳಿದಿದ್ದರು. ಜುಲೈ 2ರಂದು ನ್ಯೂಗಿನಿಯ ಲೇ ಪಟ್ಟಣದಿಂದ ಪೆಸಿಫಿಕ್ ಸಾಗರದ ಹೌಲೆಂಡ್ ದ್ವೀಪದತ್ತ ಹಾರಿದ ಇಯರ್‌ಹಾರ್ಟ್ ಮತ್ತು ನೂನನ್ ಮತ್ತೆ ಸಿಗಲಿಲ್ಲ. ಮ್ಯಾನಿಂಗ್ ಆ ಸಲ ಜೊತೆಗಿರಲಿಲ್ಲ.

ಕಣ್ಮರೆಯಾದ ವಿಮಾನದ ಅವಶೇಷ ಇದುವರೆಗೆ ಖಚಿತವಾಗಿ ಪತ್ತೆಯಾಗಿಲ್ಲ. ಅಂದಮೇಲೆ ಅದರ ಫೋಟೊ ಎಲ್ಲಿಂದ ಬರಬೇಕು, ಅಲ್ವಾ?