ಸತ್ಯಾಂಶ: ಮುಂಗಡ ದುಪ್ಪಟ್ಟು ಕೊಟ್ಟರೆ ಕರಾರು ಮುಗಿಯಿತೇ?

"ಕ್ರಯದ ಕರಾರು ಆದ ಮೇಲೂ ಮುಂಗಡ ದುಪ್ಪಟ್ಟು ಹಿಂದಿರುಗಿಸಿದರೆ ಸಾಕು, ಮಾಲೀಕರು ತೋಟ ಬಿಟ್ಟುಕೊಡಬೇಕಿಲ್ಲ" ಎಂಬ ಸಂದೇಶ ಮೂಡಿಗೆರೆ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಇದು ತಪ್ಪು.

ನಿರ್ದಿಷ್ಟ ಪರಿಹಾರ ಕಾಯ್ದೆ, 1963ರ ಪ್ರಕಾರ, ಕ್ರಯಪತ್ರ ಮಾಡಿಕೊಡಿ ಎಂದೇ ನ್ಯಾಯಾಲಯ ಆದೇಶಿಸಬಹುದು. ಮಾಲೀಕರು ಆಗಲೂ ಒಪ್ಪದಿದ್ದರೆ ನ್ಯಾಯಾಲಯವೇ ಅವರ ಪರವಾಗಿ ನೋಂದಣಿ ಮಾಡಿಸುತ್ತದೆ. ಕರಾರಿನಲ್ಲಿ ದಂಡದ ಮೊತ್ತ ಬರೆದಿದ್ದರೂ ಅಷ್ಟಕ್ಕೇ ಬಿಡುಗಡೆ ಇಲ್ಲ. ಹಣ ಕೊಟ್ಟು ಹಿಂದೆ ಸರಿಯುವ ಆಯ್ಕೆಯೆಂದೇ ಬರೆದಿದ್ದರೆ ಮಾತು ಬೇರೆ. ಇಂಗ್ಲೆಂಡಿನ ಹಳೆಯ ಚಾನ್ಸರಿ ನ್ಯಾಯಾಲಯದಿಂದ ಬಂದ ಸಮನ್ಯಾಯದ (ಕಾನೂನಿನ ಅಕ್ಷರಕ್ಕಿಂತ ನ್ಯಾಯಸಮ್ಮತವಾದದ್ದನ್ನು ನೋಡುವ ಪದ್ಧತಿಯ) ಈ ಪರಿಹಾರ ಮೊದಲು ನ್ಯಾಯಾಧೀಶರ ವಿವೇಚನೆಗೆ ಬಿಟ್ಟದ್ದಾಗಿತ್ತು. 2018ರ ತಿದ್ದುಪಡಿ ಆ ವಿವೇಚನೆಯನ್ನು ಬಹಳ ಮಟ್ಟಿಗೆ ಕಡಿಮೆ ಮಾಡಿದೆ, ಒಳ್ಳೆಯದೇ ಆಯಿತು.

ಆದರೆ ಬಾಕಿ ಹಣ ಕೊಡಲು ಸದಾ ಸಿದ್ಧರಿದ್ದೆವೆಂದು ಕೊಳ್ಳುವವರು ಸಾಬೀತುಪಡಿಸಬೇಕು. ದಾವೆಗೆ ಗಡುವು 3 ವರ್ಷ. ಪಾಸ್‌ಬುಕ್, ನೋಟಿಸಿನ ಅಂಚೆ ರಸೀದಿ ದಯವಿಟ್ಟು ಜೋಪಾನವಾಗಿಡಿ.