ಪುಟಾಣಿಗಳ ದಿನದ ಪಾಠದಲ್ಲಿ ನೂಂಗಾರ್ ತಿಳಿವಳಿಕೆ: ಪ್ರತಿದಿನ, ಎಲ್ಲರೂ ಕಲಿಸಬೇಕೇ?

ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಐದು ವರ್ಷದೊಳಗಿನ ಮಕ್ಕಳಿಗೆ ಕಲಿಸುವ ಇಬ್ಬರು ಕನ್ನಡತಿಯರು, ಅಲ್ಲಿನ ಮೂಲನಿವಾಸಿಗಳಾದ ನೂಂಗಾರ್ ಜನರ ತಿಳಿವಳಿಕೆಯನ್ನು ಎಲ್ಲ ಶಿಕ್ಷಕರೂ ಪ್ರತಿದಿನ ಕಲಿಸಬೇಕೇ ಅನ್ನುವ ಬಗ್ಗೆ ಇಲ್ಲಿ ಬರೆದಿದ್ದಾರೆ.

ಪರ: ಪಾಠ ಅಂಗಳದಲ್ಲೇ ಇದೆ

ಏಪ್ರಿಲ್‌ನ ಒಂದು ಬೆಳಗ್ಗೆ ಮರಳುಗುಂಡಿಯ ಪಕ್ಕ ರೆಕ್ಕೆ ಬಂದ ಇರುವೆಗಳು ಎದ್ದವು. ನಾಲ್ಕು ವರ್ಷದ ಹುಡುಗಿಯೊಬ್ಬಳು ಕುಕ್ಕರುಗಾಲಲ್ಲಿ ಕೂತು ನೋಡಿ, "ಜೆರಾನ್ ಬಂತು" ಅಂದಳು. ಅವಳನ್ನು ಯಾರೂ ಕೇಳಿರಲಿಲ್ಲ.

ಪರ್ತ್ ಇರುವುದು ನೂಂಗಾರ್ ಜನರ ನೆಲದಲ್ಲಿ. ಅವರ ಲೆಕ್ಕದಲ್ಲಿ ವರ್ಷಕ್ಕೆ ಆರು ಋತು: ಬಿರಕ್, ಬುನುರು, ಜೆರಾನ್, ಮಕುರು, ಜಿಲ್ಬಾ, ಕಂಬರಾಂಗ್. ಆರು ಅಂದ ಕೂಡಲೇ ನಮಗೆ ವಸಂತ, ಗ್ರೀಷ್ಮ ನೆನಪಾಗುತ್ತವೆ ಅಲ್ವಾ? ಇಲ್ಲಿ ರಾತ್ರಿ ತಂಪಾಗುವುದು, ಇರುವೆಗೆ ರೆಕ್ಕೆ ಬರುವುದು, ಯಾವ ಹೂವು ಯಾವಾಗ ಅರಳುತ್ತದೆ ಅನ್ನುವುದು, ಇವನ್ನೆಲ್ಲ ನೋಡಿ ಋತು ಹೇಳುತ್ತಾರೆ. ಆರಿದ್ರಾ ಮಳೆ, ಪುನರ್ವಸು ಮಳೆ ಅಂತ ಎಣಿಸುತ್ತಿದ್ದ ನಮ್ಮಜ್ಜನಿಗೆ ಇದು ತಕ್ಷಣ ಅರ್ಥವಾಗುತ್ತಿತ್ತು. ಅದನ್ನು ಬಿಟ್ಟು ಹಿಮದ ಗೊಂಬೆ ಇರುವ ನಾಲ್ಕು ಋತುವಿನ ಪಟ ಅಂಟಿಸಿದರೆ, ಹಿಮವನ್ನೇ ಕಾಣದ ಪರ್ತ್ ಮಗು ಅದರಲ್ಲಿ ಏನು ನೋಡಬೇಕು?

2009ರಲ್ಲಿ ಬಂದ ದೇಶದ ಶಿಶುಕಲಿಕೆ ಚೌಕಟ್ಟನ್ನು 2022ರಲ್ಲಿ ಪರಿಷ್ಕರಿಸಿದಾಗ, ಮೂಲನಿವಾಸಿಗಳ ದೃಷ್ಟಿಯನ್ನು ಒಂದು ಪ್ರತ್ಯೇಕ ತತ್ವವಾಗಿಯೇ ಸೇರಿಸಿದರು. ಸರಿಯಾದ ಕೆಲಸ. ನವೆಂಬರ್ ಕನ್ನಡಿಗರು ಅಂತ ನಾವೇ ಬೈಯುತ್ತೇವಲ್ಲ, ಜುಲೈನಲ್ಲಿ ಮೂಲನಿವಾಸಿಗಳ ಸಂಸ್ಕೃತಿಯನ್ನು ಆಚರಿಸುವ ನೈಡಾಕ್ ವಾರದಲ್ಲಿ ಮಾತ್ರ ಬಾವುಟಕ್ಕೆ ಬಣ್ಣ ಹಚ್ಚಿಸಿ ಆಮೇಲೆ ಎಲ್ಲವನ್ನೂ ಡಬ್ಬಿಗೆ ತುಂಬಿ ಇಟ್ಟರೆ ಅದೇ ಕಥೆ. ನಮ್ಮಲ್ಲಿ ಒಬ್ಬ ನೂಂಗಾರ್ ಹುಡುಗನಿದ್ದಾನೆ. ಬೆಳಗ್ಗೆ ಎಲ್ಲ ಮಕ್ಕಳೂ "ಕಯಾ" ಅಂತ ನಮಸ್ಕಾರ ಹೇಳುವಾಗ ಅವನ ದನಿಯೇ ಜೋರು. ತಪ್ಪಾಗುತ್ತೆ ಅಂತ ಹೆದರಿ ನಾನು ಸುಮ್ನಿದ್ದರೆ, ಅವನ ಮನೆಯ ಮಾತು ಈ ಕೋಣೆಯಲ್ಲಿ ಕೇಳುವುದೇ ಇಲ್ಲ.

ವಿರೋಧ: ಹೇಳಬೇಕಾದವರು ನಾವಲ್ಲ

ಮಕ್ಕಳು ಕಲಿಯಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ನನ್ನ ತಕರಾರು ಇರುವುದು "ಪ್ರತಿದಿನ, ಎಲ್ಲರೂ" ಅನ್ನುವ ಕಡ್ಡಾಯದ ಬಗ್ಗೆ.

ಹಿಂದೆ ನಾನಿದ್ದ ಒಂದು ಕೇಂದ್ರದಲ್ಲಿ ಹಲ್ಲಿಯ ಆಕಾರದಲ್ಲಿ ಕತ್ತರಿಸಿದ ಕಾಗದ, ಕಂದು ಬಣ್ಣ, ಕಿವಿಗೆ ಹಾಕುವ ಹತ್ತಿಕಡ್ಡಿ ಕೊಟ್ಟು, ಮೂಲನಿವಾಸಿಗಳ ಕಲೆ ಅಂತ ಮಕ್ಕಳಿಂದ ಚುಕ್ಕಿ ಇಡಿಸಿದೆವು. ಹಿನ್ನೆಲೆಯಲ್ಲಿ ಡಿಜೆರಿಡೂ ಅನ್ನುವ ಉದ್ದ ಕೊಳವೆಯ ಊದುವಾದ್ಯದ ಸದ್ದು. ಇಪ್ಪತ್ತು ಹಲ್ಲಿಗಳನ್ನು ಹಗ್ಗಕ್ಕೆ ಕ್ಲಿಪ್ ಹಾಕಿ ಒಣಗಿಸಿ, ಫೋಟೊ ತೆಗೆದು, ತಪಾಸಣೆಗೆ ತೋರಿಸುವ ಫೈಲ್‌ಗೆ ಸೇರಿಸಿದೆವು. ಆದರೆ ಆ ಚುಕ್ಕಿ ಚಿತ್ರ ಬೆಳೆದಿದ್ದು ದೇಶದ ನಡುವಿನ ಮರುಭೂಮಿಯಲ್ಲಿ. 1971ರಲ್ಲಿ ಪಪುನ್ಯಾ ಅನ್ನುವ ಊರಿನ ಹಿರಿಯರು ತಮ್ಮ ನೆಲದ ಕಥೆಗಳನ್ನು ಹಲಗೆಗಳ ಮೇಲೆ ಬಿಡಿಸತೊಡಗಿದ್ದರು. ಯಾವ ಕಥೆಯನ್ನು ಯಾರು ಬಿಡಿಸಬಹುದು ಅನ್ನುವುದಕ್ಕೆ ಅವರಲ್ಲಿ ಕಟ್ಟುನಿಟ್ಟಿದೆ. ಡಿಜೆರಿಡೂ ಉತ್ತರದ ಆರ್ನೆಮ್ ಲ್ಯಾಂಡ್ ಕಡೆಯದು. ಎರಡೂ ನೂಂಗಾರ್ ಜನರವಲ್ಲ. 1788ರಲ್ಲಿ 250ಕ್ಕೂ ಜಾಸ್ತಿ ಭಾಷೆಗಳಿದ್ದ ಖಂಡವಿದು. ಮಗುವಿಗೆ ಯಕ್ಷಗಾನದ ಕಿರೀಟ ತೊಡಿಸಿ, ಭಾಂಗ್ಡಾ ಕುಣಿಸಿ, "ಇದೇ ಇಂಡಿಯಾ" ಅಂದರೆ ನಮಗೆ ಹೇಗಾಗುತ್ತೆ?

ಇನ್ನೊಂದು ಮಾತು, ಇದು ನನಗೆ ತುಂಬಾ ಕಾಡುವ ಮಾತು. ಪರ್ತ್‌ನ ಉತ್ತರಕ್ಕೆ ಮೂರ್ ರಿವರ್‌ನಲ್ಲಿ 1918ರಲ್ಲಿ ಸರ್ಕಾರ ಮೂಲನಿವಾಸಿಗಳನ್ನು ಇಡಲು ಒಂದು ವಸತಿ ತೆರೆಯಿತು. ತಾಯಂದಿರಿಂದ ಕಿತ್ತುಕೊಂಡ ಮಕ್ಕಳನ್ನೂ ಅಲ್ಲಿ ತಂದು ಇಡುತ್ತಿದ್ದರು. ಹೀಗೆ ಎಷ್ಟೋ ಮನೆಗಳಲ್ಲಿ ನುಡಿಯೇ ತುಂಡಾಯಿತು. 2008ರ ಫೆಬ್ರವರಿ 13ರಂದು ಆಗಿನ ಪ್ರಧಾನಿ ಕೆವಿನ್ ರಡ್ ಹೀಗೆ ಮಕ್ಕಳನ್ನು ಕಿತ್ತುಕೊಂಡಿದ್ದಕ್ಕೆ ಸಂಸತ್ತಿನಲ್ಲಿ ಕ್ಷಮೆ ಕೇಳಿದರು. ಹಾಗೆ ಮಾತು ಕಳೆದುಕೊಂಡ ಮನೆಯ ಅಜ್ಜಿ ಈಗ ಅದನ್ನು ಮತ್ತೆ ಕಲಿಯುತ್ತಿರುವಾಗ, ನಾನು ಯೂಟ್ಯೂಬ್ ನೋಡಿಕೊಂಡು ಬಂದು ಅವರ ಮೊಮ್ಮಗನಿಗೆ ತಪ್ಪು ಉಚ್ಚಾರದಲ್ಲಿ ಅದೇ ಮಾತು ಕಲಿಸಬೇಕೇ?

ನೂಂಗಾರ್ ಹಿರಿಯರನ್ನೇ ಕರೆಸಿ. ಚಹಾ ಬಿಸ್ಕತ್ತಿಗೆ ಮುಗಿಸದೆ ಸರಿಯಾದ ಸಂಬಳ ಕೊಡಿ. ತಿಂಗಳಿಗೆ ಎರಡೇ ಸಲ ಬಂದರೂ ಸಾಕು.

ಒಂದು ಸಲ ಒಬ್ಬರು ಆಂಟಿ ಬಂದಿದ್ದರು. ಇಲ್ಲೂ ಹಿರಿಯರನ್ನು ಆಂಟಿ, ಅಂಕಲ್ ಅಂತಲೇ ಗೌರವದಿಂದ ಕರೆಯುತ್ತಾರೆ. ಪೆಪ್ಪರ್‌ಮಿಂಟ್ ಮರದ ಎಲೆ ಹಿಸುಕಿ ಒಂದೊಂದು ಮಗುವಿನ ಅಂಗೈಗೂ ಇಟ್ಟು ಮೂಸಲು ಹೇಳಿದರು. ಒಬ್ಬ ಹುಡುಗ ಕಪ್ಪು ಹಂಸದ ಕಥೆ ಹೇಳಿ ಅಂದ. "ಅದು ನಮ್ಮಕ್ಕ ಹೇಳಬೇಕಾದ ಕಥೆ ಪುಟ್ಟಾ, ಅವಳನ್ನು ಕೇಳಿಕೊಂಡು ಬರ್ತೀನಿ" ಅಂದರು. ಹಿಂದಿನ ವಾರವಷ್ಟೇ ಆ ಕಥೆಯನ್ನು ನಾನು ಯಾರನ್ನೂ ಕೇಳದೆ ಮಕ್ಕಳಿಗೆ ಓದಿ ಹೇಳಿದ್ದೆ.