ಚೀಟಿ ಇಲ್ಲದ ಎರಡು ಮಾತ್ರೆ

ಇವತ್ತು ಬೆಳಿಗ್ಗೆ ಮುಂಬೈಯ ಮುಲುಂಡ್‌ನ ಒಂದು ಮೆಡಿಕಲ್‌ನಲ್ಲಿ ಅಮ್ಮನ ಬಿಪಿ ಮಾತ್ರೆಗೆ ನಿಂತಿದ್ದೆ. ಪಕ್ಕದಲ್ಲಿ ನಮ್ಮ ಕಡೆಯವರೇ, ಕುಂದಾಪುರದ ಮಾತು. ಮಗಳಿಗೆ ನಿನ್ನೆಯಿಂದ ಜ್ವರ, ಗಂಟಲು ನೋವಂತೆ. ಡಾಕ್ಟರ ಚೀಟಿ ಇಲ್ಲ. "ಅಝಿಥ್ರೋ ಫೈವ್ ಹಂಡ್ರೆಡ್, ದೋನ್ ದ್ಯಾ" ಅಂದರು, ಅಝಿಥ್ರೋಮೈಸಿನ್ ಅನ್ನುವ ಆಂಟಿಬಯಾಟಿಕ್ ಎರಡು ಮಾತ್ರೆ ಕೊಡಿ ಅಂತ ಮರಾಠಿಯಲ್ಲಿ. ಕೌಂಟರಿನ ಹುಡುಗ ಕತ್ತರಿಸಿ ಕೊಟ್ಟೇಬಿಟ್ಟ. ನಾನು ಬಾಯಿ ಹಾಕಿದ್ದಕ್ಕೆ, "ಹೋದ ಸಲ ಇದರಲ್ಲೇ ಇಳಿದಿತ್ತು" ಅಂತ ನನಗೇ ಪಾಠ ಹೇಳಿ ಹೋದರು. ಆಗಿಂದ ಹೊಟ್ಟೆ ಉರೀತಿದೆ.

ಇಳಿಯದೆ ಏನು? ಇಂಥ ಜ್ವರ, ಗಂಟಲು ನೋವುಗಳಲ್ಲಿ ಹೆಚ್ಚಿನವು ವೈರಸ್ಸಿನವು. ಮಾತ್ರೆ ನುಂಗಿದರೂ ಇಳಿಯುತ್ತವೆ, ನುಂಗದಿದ್ದರೂ ಇಳಿಯುತ್ತವೆ. ಆಂಟಿಬಯಾಟಿಕ್ ಕೆಲಸ ಮಾಡುವುದು ಬ್ಯಾಕ್ಟೀರಿಯಾದ ಮೇಲೆ ಮಾತ್ರ. ಆದರೆ ಹೆಸರು ಮಾತ್ರೆಗೆ ಬರುತ್ತದೆ, ಮುಂದಿನ ಸಲ ಮತ್ತೆ ಅದೇ.

ಹೀಗೆ ಬೇಕಾಬಿಟ್ಟಿ ನುಂಗಿದರೆ ಏನಾಗುತ್ತದೆ ಅಂತ ಲ್ಯಾಬ್‌ನಲ್ಲಿ ನಾನು ದಿನಾ ನೋಡುವುದನ್ನು ಅವರಿಗೊಮ್ಮೆ ತೋರಿಸಬೇಕಿತ್ತು. ರೋಗಿಯ ಮೂತ್ರದಿಂದ ಬೆಳೆಸಿದ ಬ್ಯಾಕ್ಟೀರಿಯಾವನ್ನು ತಟ್ಟೆಯ ತುಂಬ ಹರಡಿ, ಮೇಲೆ ಔಷಧಿ ಹೀರಿದ ಪುಟ್ಟ ಕಾಗದದ ಬಿಲ್ಲೆಗಳನ್ನಿಡುತ್ತೇವೆ. ಮರುದಿನ, ಔಷಧಿ ನಾಟಿದಲ್ಲಿ ಬಿಲ್ಲೆಯ ಸುತ್ತ ತಿಳಿಯಾದ ವೃತ್ತ. ನಾಟದಲ್ಲಿ ಬ್ಯಾಕ್ಟೀರಿಯಾ ಬಿಲ್ಲೆಯ ಅಂಚಿನವರೆಗೂ ಒತ್ತೊತ್ತಾಗಿ ಬೆಳೆದಿರುತ್ತದೆ. ರಿಪೋರ್ಟಿನಲ್ಲಿ ಅದಕ್ಕೆ 'ಆರ್', ರೆಸಿಸ್ಟೆಂಟ್, ಅಂದರೆ ಆ ಔಷಧಿಗೆ ಬಗ್ಗದ್ದು. ಸಿಪ್ರೋಫ್ಲಾಕ್ಸಾಸಿನ್ ಅನ್ನುವ ಆಂಟಿಬಯಾಟಿಕ್ ಮುಂದೆ ಎಷ್ಟು 'ಆರ್' ಬರೆದಿದ್ದೇನೋ ಲೆಕ್ಕವಿಲ್ಲ. ಮಾತ್ರೆಯಲ್ಲಿ ಮುಗಿಯಬೇಕಾದ ಉರಿಮೂತ್ರಕ್ಕೆ ಅಡ್ಮಿಟ್ ಆಗಿ ಇಂಜೆಕ್ಷನ್ ತಗೊಳ್ಳಬೇಕು. ಅಂಥ ರಿಪೋರ್ಟು ಮಗುವಿನದಾದರೆ ಆ ದಿನ ನನಗೆ ಊಟ ಸೇರುವುದಿಲ್ಲ.

ಎರಡು ನುಂಗಿ ಜ್ವರ ಇಳಿಯದಿದ್ದಾಗ ಬ್ಲಡ್ ಕಲ್ಚರ್‌ಗೆ ಬರುತ್ತಾರೆ, ಅಂದರೆ ರಕ್ತವನ್ನು ಬಾಟಲಿಯಲ್ಲಿಟ್ಟು ಬ್ಯಾಕ್ಟೀರಿಯಾ ಬೆಳೆಯುತ್ತದೋ ನೋಡುವ ಟೆಸ್ಟಿಗೆ. ಅಷ್ಟರಲ್ಲಿ ಟೈಫಾಯ್ಡ್ ಇದ್ದರೂ ಬಾಟಲಿಯಲ್ಲಿ ಏನೂ ಬೆಳೆಯದೆ ಹೋಗಬಹುದು. ಡಾಕ್ಟರ್ ಕತ್ತಲಲ್ಲಿ ತಡಕಾಡಬೇಕು. ಮಳೆಗಾಲದ ಮುಂಬೈಯಲ್ಲಿ ಡೆಂಗ್ಯೂ, ಮಲೇರಿಯಾ, ಲೆಪ್ಟೋ (ಇಲಿಜ್ವರ) ಎಲ್ಲ ಶುರುವಾಗುವುದು ಜ್ವರದಿಂದಲೇ. ಡೆಂಗ್ಯೂಗೆ ಅಝಿಥ್ರೋ ಏನೂ ಮಾಡದು. ಮೈಕೈ ನೋವಿಗೆಂದು ಐಬುಪ್ರೊಫೆನ್ ಬೇರೆ ನುಂಗಿದರೆ ರಕ್ತಸ್ರಾವದ ಭಯ. ಡಾಕ್ಟರಿಗೆ ತೋರಿಸುವ ತನಕ ಪ್ಯಾರಾಸಿಟಮಾಲ್ ಸಾಕು, ಅದೂ ಅಳತೆಯಲ್ಲಿ.

"ಡಾಕ್ಟರ ಫೀಸು ಯಾರು ಕೊಡ್ತಾರೆ" ಅಂತ ಕಮೆಂಟು ಬರುತ್ತದೆ, ಗೊತ್ತು. ಹೋಟೆಲಲ್ಲಿ ದುಡಿಯುವ ನಮ್ಮ ಹುಡುಗರು ಕೇಳಿದರೆ ಅರ್ಥವಿದೆ. ಅವರಿಗೂ ಮುನಿಸಿಪಾಲಿಟಿಯ ದವಾಖಾನೆಗಳಿವೆ, 2022ರಿಂದ 'ಆಪ್ಲಾ ದವಾಖಾನಾ' ಬಂದಿದೆ, ತಪಾಸಣೆಯೂ ಔಷಧಿಯೂ ಪುಕ್ಕಟೆ. ಬೆಳಿಗ್ಗೆ ಸಿಕ್ಕವರು ಕಾರಿನಲ್ಲಿ ಬಂದವರು. ಫೀಸಿನ ಮಾತು ಅವರ ಬಾಯಲ್ಲಿ ಬೇಡ.

ಅಂಗಡಿಯವರನ್ನೂ ನಾನು ಬಿಡುವುದಿಲ್ಲ. ಸ್ಟ್ರಿಪ್ ಮೇಲೆ ಕೆಂಪು ಗೆರೆ ಇರುವುದೇ ಚೀಟಿ ಇಲ್ಲದೆ ಕೊಡಬೇಡ ಅಂತ. ಸೆಫಿಕ್ಸಿಮ್‌ನಂಥ ಆಂಟಿಬಯಾಟಿಕ್‌ಗಳು 2014ರಿಂದ ಶೆಡ್ಯೂಲ್ ಎಚ್1 ಅನ್ನುವ, ಇನ್ನೂ ಬಿಗಿ ನಿಯಮದ ಸರ್ಕಾರಿ ಪಟ್ಟಿಯಲ್ಲಿವೆ. ಯಾರು ಬರೆದರು, ಯಾರಿಗೆ ಕೊಟ್ಟರು ಅಂತ ರಿಜಿಸ್ಟರಿನಲ್ಲಿ ನಮೂದಿಸಿ 3 ವರ್ಷ ಇಡಬೇಕು. ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ 1945ರ ನೊಬೆಲ್ ಭಾಷಣದಲ್ಲೇ ಎಚ್ಚರಿಸಿದ್ದರು, ಸಾಲದಷ್ಟು ಔಷಧಿ ತಗೊಂಡರೆ ರೋಗಾಣು ಸಾಯುವ ಬದಲು ಔಷಧಿಗೇ ಪಳಗಿ ಬಗ್ಗದಂತಾಗುತ್ತದೆ ಅಂತ. ಎರಡು ಮಾತ್ರೆ ಕತ್ತರಿಸಿ ಕೊಡುವುದು ಇನ್ನೇನು ಮತ್ತೆ?

ನಮ್ಮ ಸಂಘದ ವಾಟ್ಸಾಪ್ ಗುಂಪಿನಲ್ಲಿ "ಜ್ವರಕ್ಕೆ ಯಾವ ಮಾತ್ರೆ ಒಳ್ಳೇದು" ಅಂತ ಯಾರಾದರೂ ಕೇಳಿದರೆ ದಯವಿಟ್ಟು ಆಂಟಿಬಯಾಟಿಕ್ ಹೆಸರು ಹೇಳಬೇಡಿ. ಜ್ವರ ಎಷ್ಟನೇ ದಿನ, ಡಾಕ್ಟರಿಗೆ ತೋರಿಸಿದಿರಾ, ರಕ್ತ ಕೊಟ್ಟಿರಾ ಅಂತ ಕೇಳಿ. ಎಲ್ಲಿ, ಯಾವ ಟೆಸ್ಟ್ ಅಂತ ತಿಳಿಯದಿದ್ದರೆ ನನಗೆ ಫೋನ್ ಮಾಡಿ, ರಾತ್ರಿಯಾದರೂ ಎತ್ತುತ್ತೇನೆ.